ತಂಗಿಗೆ ನಾನು ಆರಿಸಿದ ರೆಪ್ಪೆಗೂದಲು

ನನ್ನ ಮುಖದಲ್ಲಿ ಜನ ಹೊಗಳಿದ್ದು ಒಂದನ್ನೇ, ಕಣ್ಣಿನ ರೆಪ್ಪೆಗೂದಲನ್ನು. ಬಣ್ಣ ಕಪ್ಪು, ಮೂಗು ದಪ್ಪ, ಹಲ್ಲು ತುಸು ಮುಂದೆ. ರೆಪ್ಪೆ ಮಾತ್ರ ದಟ್ಟವಾಗಿ, ಉದ್ದವಾಗಿ, ತುದಿಯಲ್ಲಿ ಮೇಲಕ್ಕೆ ಬಾಗಿಕೊಂಡಿದ್ದವು. ಬ್ಯಾಡಗಿಯ ನಮ್ಮ ಓಣಿಯ ಹೆಂಗಸರು, "ಮಾರಿ ಹೆಂಗರ ಇರ್ಲಿ, ಈ ಹುಡುಗಿಗೆ ಎಮ್ಮಿಕರದ ರೆಪ್ಪಿ ಬಂದಾವ ನೋಡ್" ಎನ್ನುತ್ತಿದ್ದರು. ಎಮ್ಮೆಕರು ಎಂದದ್ದನ್ನು ಬಿಟ್ಟು, ರೆಪ್ಪೆ ಎಂದದ್ದನ್ನಷ್ಟೇ ನಾನು ಇಟ್ಟುಕೊಳ್ಳುತ್ತಿದ್ದೆ.

ಉಳಿದ ಚೆಲುವೆಲ್ಲ ತಂಗಿಗೆ ಹೋಗಿತ್ತು. ಅವಳು ನನಗಿಂತ ಆರು ವರ್ಷ ಚಿಕ್ಕವಳು. ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವಾಗ ಅವಳನ್ನು ನೋಡಿಕೊಳ್ಳಲಿ ಎಂದು ನನ್ನನ್ನು ನಾಲ್ಕನೆಯ ಇಯತ್ತೆಗೇ ಶಾಲೆ ಬಿಡಿಸಿದರು. ಅವಳನ್ನು ಟೊಂಕದ ಮೇಲೆ ಹೊತ್ತುಕೊಂಡೇ ನಾನು ದೊಡ್ಡವಳಾದೆ. ಮುಂದೆ ಅವಳು ಹಾವೇರಿಯ ಕಾಲೇಜಿಗೆ ಹೋದಳು. ನಾನು ಹದಿನೇಳಕ್ಕೆ ಮದುವೆಯಾಗಿ, ಅದೇ ಊರಿನಲ್ಲಿ ಎರಡು ಓಣಿ ಆಚೆಗೆ ಸಂಸಾರ ಹೂಡಿ, ಅವ್ವ ಕೂತಿದ್ದ ಜಾಗದಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕೂತೆ. ನನ್ನ ಮದುವೆ ಮಠದಲ್ಲಿ ಸಾಮೂಹಿಕವಾಗಿ ಆಗಿತ್ತು. ಫೋಟೋದಲ್ಲಿ ನಾನು ಯಾವಳು ಎಂದು ಹುಡುಕಬೇಕು.

ತಂಗಿಯ ಬೆಳ್ಳಗಿನ ಮುಖದಲ್ಲಿ ಕೊರತೆ ಒಂದೇ. ರೆಪ್ಪೆಗೂದಲು ಹುಟ್ಟಿನಿಂದಲೇ ಕಡಿಮೆ, ಇದ್ದವೂ ಕೆಂಚಗೆ. ಯಾರಾದರೂ ಅವಳನ್ನು ಹೊಗಳಿದಾಗಲೆಲ್ಲ ನಾನು ಮನಸ್ಸಿನಲ್ಲೇ ಆ ಕೊರತೆಯ ಹತ್ತಿರ ಹೋಗಿ ಕೂರುತ್ತಿದ್ದೆ.

ತೊಂಬತ್ತರ ಈಚಿನ ಮಾತು. ಕುಪ್ಪೇಲೂರಿನ ಕಡೆಯಿಂದ ಒಳ್ಳೆಯ ಸಂಬಂಧ ಬಂದು ತಂಗಿಯ ಮದುವೆ ಗೊತ್ತಾಯಿತು. ಒಂದು ದಿನ ಅವಳು ನಮ್ಮ ಮನೆಗೆ ಬಂದು ನನ್ನ ಪಕ್ಕ ಕೂತಳು.

"ಅಕ್ಕಾ, ನಗಬಾರ್ದ ಮತ್ತ. ಕಣ್ಣಿಗೆ ಅಂಟಸೋ ರೆಪ್ಪಿ ಸಿಗ್ತಾವಂತ. ನನ್ನ ಗೆಳತಿ ತನ್ನ ಲಗ್ನದಾಗ ಹಚ್ಕೊಂಡಿದ್ಲು."

"ಅವನ್ನೇನ್ ಹಚ್ಕೊಂತಿ? ದೇವ್ರು ಕೊಟ್ಟದ್ದು ಸಾಲ್ದೇನ್ ನಿನಗ?"

"ಕೊಟ್ಟದ್ದೆಲ್ಲಾ ನಿನಗ ಕೊಟ್ಟಾನಲ್ಲ!" ಎಂದು ನಕ್ಕಳು. "ನೀ ಬರ್ಬೇಕವಾ ರಾಣೆಬೆನ್ನೂರಿಗೆ. ನಿನ್ನ ರೆಪ್ಪಿ ನೋಡ್ಕೋತ ಆರಿಸ್ತೇನಿ. ನಿನ್ನಂಥಾವ ಬೇಕು ನನಗ."

ಬೇರೆ ಯಾರಿಗಾದರೂ ಇದು ಸಂತೋಷದ ಮಾತು. ನನಗೆ ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಯಿತು. ಬಣ್ಣ ಅವಳದು, ಕಾಲೇಜು ಅವಳದು, ಅಂಗಳದ ತುಂಬ ಹಂದರ ಹಾಕಿ ಮಾಡುವ ಮದುವೆಯೂ ಅವಳದು. ನನ್ನದೆಂದು ಇದ್ದ ಒಂದನ್ನೂ ಈಗ ಅಂಗಡಿಯಿಂದ ತಂದು ಅಂಟಿಸಿಕೊಳ್ಳುತ್ತಾಳೆ. ಅದನ್ನು ಆರಿಸಲು ನಾನೇ ಹೋಗಬೇಕು.

ರೈಲಿನಲ್ಲಿ ಹೋದೆವು. ಅಂಗಡಿ ಬಳೆಗಳದು, ನಡೆಸುತ್ತಿದ್ದವಳು ಮುಸಲ್ಮಾನರ ಹೆಂಗಸು, ಎಲ್ಲರೂ ಆಪಾ ಎನ್ನುತ್ತಿದ್ದರು. ಬಳೆಯ ಜೊತೆಗೆ ಮದುಮಗಳ ಅಲಂಕಾರದ ಸಾಮಾನು ಇಟ್ಟಿದ್ದಳು. ಊರೂರು ತಿರುಗುವ ನಾಟಕದವರಿಗೆ ಬಣ್ಣ, ಚೌರಿ, ಕೃತಕ ರೆಪ್ಪೆ ಕೊಡುವವಳೂ ಅವಳೇ.

"ಬರ್ರಿ, ಕುಂದರ್ರಿ. ಎಂಥಾವು ತೋರಸ್ಲಿ?"

"ನಮ್ಮಕ್ಕನ್ವು ಅದಾವಲ್ಲ, ಅಂಥಾವು" ಎಂದು ತಂಗಿ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು.

ಆಪಾ ಬಗ್ಗಿ ನೋಡಿದಳು. "ಯಾ ಅಲ್ಲಾ! ಇವ್ರಿಗೆ ಅಂವಾ ಕೊಟ್ಟಾನ. ನಿಮಗ ನಾ ಕೊಡ್ತೇನಿ, ಬರ್ರಿ."

ಎರಡು ಡಬ್ಬಿ ತೆರೆದಳು. ಒಂದರಲ್ಲಿ ಮೆತ್ತಗಿನ ತೆಳ್ಳನೆಯ ಜೋಡಿ, ಕೂದಲು ಒಂದು ಉದ್ದ, ಒಂದು ಗಿಡ್ಡ, ಹುಟ್ಟಿದವುಗಳ ಹಾಗೆಯೇ. ಇನ್ನೊಂದರಲ್ಲಿ ದಪ್ಪ, ಬಿರುಸು, ಬ್ರಷ್ಷಿನಂತೆ ಒಂದೇ ಸಮ ನಿಂತವು. ಎಡಗಣ್ಣಿಗೆ ಮೆತ್ತಗಿನದನ್ನೂ ಬಲಗಣ್ಣಿಗೆ ಬಿರುಸಿನದನ್ನೂ ಅಂಟಿಸಿ ತಂಗಿಯ ಕೈಗೆ ಕನ್ನಡಿ ಕೊಟ್ಟಳು.

"ಹಂಗ ನೋಡಬ್ಯಾಡ್ರಿ, ಕೆಳಗ ನೋಡ್ರಿ. ಮದಿಮಗಳು ದಿನಾಪೂರ್ತಿ ಕೆಳಗ ನೋಡ್ಕೋತ ಕುಂದ್ರಾಕಿ. ಮಂದಿಗೆ ಕಾಣೋದು ಆವಾಗ."

ತಂಗಿ ಕಣ್ಣು ತಗ್ಗಿಸಿದಳು. ಮೇಲೆತ್ತಿದಳು. ಮತ್ತೆ ತಗ್ಗಿಸಿದಳು. ಆಮೇಲೆ ನಗು ಬಂದಿತು. "ಕೆಳಗ ನೋಡಿದ್ರ ಕನ್ನಡ್ಯಾಗ ಹೆಂಗ ಕಾಣಸ್ಬೇಕು? ಅಕ್ಕಾ, ನೀನ ಹೇಳ."

ಅವಳಿಗೆ ಕಾಣುವಂತಿರಲಿಲ್ಲ, ಕಾಣುತ್ತಿದ್ದುದು ನನಗೆ. ಎಡಗಣ್ಣು ನೋಡಿದೆ. ಆ ಬಿಳಿ ಕೆನ್ನೆಯ ಮೇಲೆ ಕೂದಲಿನ ಸಣ್ಣ ನೆರಳು ಬಿದ್ದಿತ್ತು. ಇಪ್ಪತ್ತಾರು ವರ್ಷ ಅಂಥ ರೆಪ್ಪೆ ನನ್ನ ಮುಖದ ಮೇಲಿದ್ದರೂ ಅಂಥ ನೆರಳು ಬಿದ್ದಿರಲಿಲ್ಲ. ಕಪ್ಪು ಕೆನ್ನೆಯ ಮೇಲೆ ನೆರಳು ಎಲ್ಲಿ ಕಾಣುತ್ತದೆ? ಬಲಗಣ್ಣು ಹುಬ್ಬಿಗೆ ಮುಳ್ಳು ಕಟ್ಟಿದಂತಿತ್ತು.

"ಮೆತ್ತನ್ನಾವು ಹಚ್ಚಿದ್ರೂ ಅಷ್ಟ, ಬಿಟ್ರೂ ಅಷ್ಟ" ಎಂದೆ. "ಬಲಗಣ್ಣು ನೋಡ, ಮದಿಮಗಳ ಕಳಾ ಬಂದೈತಿ."

ಆಪಾ ನನ್ನ ಮುಖ ನೋಡಿದಳು. "ಅವು ಸ್ಟೇಜಿಗೆ ಹೋಗೋವ್ರಿ. ದೂರ ಕುಂತ ಮಂದಿಗೆ ಕಾಣ್ಲಿ ಅಂತ ಮಾಡಿದ್ವು."

"ಲಗ್ನದಾಗೂ ಮಂದಿ ದೂರನ ಕುಂತಿರ್ತಾರಲ್ರಿ."

ತಂಗಿ ಒಂದು ಗಳಿಗೆಯೂ ಯೋಚಿಸಲಿಲ್ಲ. "ಅಕ್ಕ ಅಂದಮ್ಯಾಲ ಮುಗೀತು. ಅವನ್ನ ಕಟ್ರಿ" ಎಂದಳು.

ಮದುವೆಯ ದಿನ ಕುಪ್ಪೇಲೂರಿನ ಗಂಡಿನ ಮನೆಯಲ್ಲಿ ಅವಳಿಗೆ ಅವನ್ನು ಅಂಟಿಸಿದ್ದೂ ನಾನೇ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ಸುರಗಿಯ ಮಂಗಳಸ್ನಾನದ ನೀರು ಎರೆದಿದ್ದರು. ಮೈಯೆಲ್ಲ ಅರಿಶಿನದ ವಾಸನೆ. ನನ್ನ ಮುಂದೆ ಕಣ್ಣು ಮುಚ್ಚಿ ಕೂತಳು, ಚಿಕ್ಕವಳಿದ್ದಾಗ ಮುಖ ತೊಳೆಸಿಕೊಳ್ಳಲು ಕೂರುತ್ತಿದ್ದ ಹಾಗೆ. ಆಗಲಾದರೂ ನಾನು ಬೇಡ ಎನ್ನಬಹುದಿತ್ತು. ಸೊಟ್ಟಗಾಗದಂತೆ ಒತ್ತಿ ಅಂಟಿಸಿದೆ.

ಬಾಸಿಂಗ ಕಟ್ಟಿ ಹಂದರಕ್ಕೆ ತಂದು ಕೂರಿಸಿದರು. ಅವಳು ತಲೆ ತಗ್ಗಿಸಿದಳು. ಗಂಡಿನ ಸೋದರತ್ತೆ, ದೊಡ್ಡ ಗಂಟಲಿನ ಹೆಂಗಸು, ಅಕ್ಷತೆಯ ತಟ್ಟೆ ಹಿಡಿದವಳು ಬಗ್ಗಿ ನೋಡಿದಳು.

"ಅಯ್ಯ ನಮ್ಮವ್ವಾ! ಹುಡುಗಿ ಕಣ್ಣಾಗ ಕಂಬಳಿಹುಳ ಕುಂತಾವಲ್ಲೇ! ಸೊಸಿ ತಂದೀರೋ, ನಾಟಕದಾಕೀನ ತಂದೀರೋ?"

ಹೆಂಗಸರ ಸಾಲು ನಕ್ಕಿತು. ತಂಗಿ ಗಾಬರಿಯಿಂದ ಕಣ್ಣೆತ್ತಿದಳು. "ನೋಡ್ರವ್ವಾ, ಮದಿಮಗಳು ಹೆಂಗ ಕಣ್ ಕಿಸ್ದು ನೋಡಾಕತ್ತಾಳ" ಎಂದು ಇನ್ನೊಬ್ಬಳು. ತಗ್ಗಿಸಿದರೆ ಹುಳ, ಎತ್ತಿದರೆ ನಾಚಿಕೆಗೇಡಿ. ಮುಹೂರ್ತ ಮುಗಿಯುವವರೆಗೆ ಅವಳು ಎತ್ತಲೂ ಆಗದೆ ತಗ್ಗಿಸಲೂ ಆಗದೆ ಹಂದರದ ಎದುರಿನ ಕಂಬವನ್ನು ದಿಟ್ಟಿಸುತ್ತಾ ಕೂತಳು. ಗಂಡೂ ಮಂದಿಯ ಜೊತೆ ಸಣ್ಣಗೆ ನಕ್ಕದ್ದನ್ನು ನಾನು ನೋಡಿದೆ. ಅವಳೂ ನೋಡಿದಳು.

ಊಟಕ್ಕೆ ಮೊದಲು ಬಚ್ಚಲಿಗೆ ಓಡಿದಳು. ನಾನು ನೀರು ತರುವಷ್ಟರಲ್ಲಿ ನೀರು ತಾಗಿಸದೆ ಹಾಗೆಯೇ ಕಿತ್ತುಕೊಂಡಿದ್ದಳು. ಇದ್ದ ನಾಲ್ಕು ಸ್ವಂತ ಕೂದಲೂ ಅದಕ್ಕೆ ಅಂಟಿ ಬಂದಿದ್ದವು. ಕಣ್ಣು ಕೆಂಪಗೆ ಊದಿತ್ತು. ನಾನು ನೀರಿನ ತಂಬಿಗೆ ಮುಂದೆ ಹಿಡಿದೆ.

"ನಿಂದೇನ್ ತಪ್ಪಿಲ್ಲಕ್ಕಾ" ಎಂದಳು. "ನೀ ಚಲೋದನ್ನ ಆರಿಸಿದ್ದಿ. ನನ್ನ ಮಾರಿಗೆ ಒಪ್ಪಲಿಲ್ಲ, ಅಷ್ಟ."

ನಾನು ಟವೆಲ್ ಕೊಟ್ಟೆ. ಖರೆ ಹೇಳುತ್ತೇನೆ, ಆ ಗಳಿಗೆಯಲ್ಲಿ ಅಯ್ಯೋ ಎನಿಸುವುದಕ್ಕಿಂತ ಮೊದಲು ನನ್ನ ಹೊಟ್ಟೆ ತಣ್ಣಗಾಯಿತು. ಈ ಸುಖಕ್ಕಾಗಿಯೇ ನಾನು ಆ ಡಬ್ಬಿ ಆರಿಸಿದ್ದು ಎಂದು ಆಗ ನನಗೇ ಗೊತ್ತಾಯಿತು.

ಗಂಡನ ಮನೆಯಲ್ಲಿ ನಾಟಕದಾಕಿ ಎಂಬ ಹೆಸರು ಬಹಳ ವರ್ಷ ನಿಂತಿತು. ಅದನ್ನು ಅವಳು ನಗುತ್ತಲೇ ತೆಗೆದುಕೊಂಡಳು. ಗಂಡ ಆಮೇಲೆ ಒಳ್ಳೆಯವನಾಗಿಯೇ ಬಾಳಿದ, ಅದಕ್ಕೂ ನಾನು ಒಳಗೊಳಗೆ ಉರಿದದ್ದುಂಟು. ಆದರೆ ಅವಳು ಕಾಡಿಗೆ ಹಚ್ಚುವುದನ್ನು ಬಿಟ್ಟಳು. ಯಾರದೇ ಮದುವೆಗೆ ಹೋದರೂ ಮುಖ ತೊಳೆದು ಕುಂಕುಮವಿಟ್ಟುಕೊಂಡು ಬರುತ್ತಿದ್ದಳು. ಫೋಟೋ ತೆಗೆಯುವಾಗ ಹಿಂದಿನ ಸಾಲಿಗೆ ಸರಿಯುತ್ತಿದ್ದಳು. ಯಾರಾದರೂ ಕರೆದರೆ, "ನನ್ನ ಮಾರಿಗೆ ಅವೆಲ್ಲ ಒಪ್ಪಂಗಿಲ್ರವಾ" ಎನ್ನುತ್ತಿದ್ದಳು. ಇಡೀ ತಾಲೂಕಿಗೆ ಚೆಲುವೆಯಾಗಿದ್ದ ಹುಡುಗಿ ಅದನ್ನು ನಿಜವೆಂದೇ ನಂಬಿದಳು. ನಂಬಿಸಿದ ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ.

ಹೋದ ವರ್ಷ ಅವಳ ಮನೆಗೆ ಹೋಗಿದ್ದಾಗ ಹೇಳಿಬಿಟ್ಟೆ. ಇಬ್ಬರಿಗೂ ತಲೆ ನೆರೆತಿದೆ. ಅವಳು ಚವಳಿಕಾಯಿ ಮುರಿಯುತ್ತಾ ಕೂತಿದ್ದಳು. ಬೇಕೆಂದೇ ಆ ಡಬ್ಬಿ ಆರಿಸಿದೆ, ಹೊಟ್ಟೆಕಿಚ್ಚಿನಿಂದ ಆರಿಸಿದೆ ಎಂದೆ. ಅವಳ ಕೈ ನಿಂತಿತು. ಬೈಯುತ್ತಾಳೆ ಎಂದು ಕಾದೆ.

"ಹಂಗಾರ ಮೆತ್ತನ್ನಾವು ನನಗ ಒಪ್ಪಿದ್ದವೇನ್?" ಎಂದಳು.

"ಒಪ್ಪಿದ್ದವು."

"ಖರೇನ?"

"ಖರೇನ. ನನ್ನ ಕಣ್ಣಿಗಿಂತ ಚಲೋ ಕಾಣಸ್ತಿದ್ದವು."

ಅವಳು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. "ಹೆಂಗ ಕಾಣಸ್ತಿದ್ವು, ಸರಿಯಾಗಿ ಹೇಳ" ಎಂದಳು.

ಹೇಳಿದೆ. ಅಂಗಡಿಯ ಬಾಗಿಲಿನಿಂದ ಬೆಳಕು ಹೇಗೆ ಬಂದಿತ್ತು, ಕೆನ್ನೆಯ ಮೇಲೆ ನೆರಳು ಎಲ್ಲಿಯವರೆಗೆ ಬಿದ್ದಿತ್ತು, ಕಣ್ಣು ತಗ್ಗಿಸಿದಾಗ ತುದಿಗಳು ಹೇಗೆ ಬಾಗಿದ್ದವು, ಒಂದನ್ನೂ ಬಿಡದೆ ಹೇಳಿದೆ. ಹೇಳುವಾಗ, ಇಷ್ಟು ವರ್ಷಗಳಾದ ಮೇಲೂ, ಹೊಟ್ಟೆಯಲ್ಲಿ ಅದೇ ಉರಿ ಎದ್ದಿತು. ಎದ್ದರೂ ಪೂರ್ತಿ ಹೇಳಿ ಮುಗಿಸಿದೆ.