ಶುಕ್ರವಾರದ ಕಂತು

ಹಂಪಿ ದಾರಿಯ ಕಡ್ಡಿರಾಂಪುರ ಬಂತೆಂದು ನನಗೆ ಕಣ್ಣಿಗಿಂತ ಮೊದಲು ಮೂಗು ಹೇಳುತ್ತದೆ. ಕಾದ ಎಣ್ಣೆಗೆ ಮಿರ್ಚಿ ಬಿಟ್ಟ ವಾಸನೆ ಬಸ್ಸಿನ ಕಿಟಕಿಯೊಳಗೆ ನುಗ್ಗಿದರೆ, ವಿರೂಪಾಕ್ಷನ ದರ್ಶನಕ್ಕೆ ಉಪವಾಸ ಹೊರಟವಳ ಬಾಯಲ್ಲೂ ನೀರು. ಸ್ವಾಮಿ ಕ್ಷಮಿಸುತ್ತಾನೆ, ಬಹಳ ವರ್ಷಗಳಿಂದ ಕ್ಷಮಿಸುತ್ತಲೇ ಬಂದಿದ್ದಾನೆ.

ಅಲ್ಲೀಗ ರಸ್ತೆಗುಂಟ ಹೋಟೆಲುಗಳ ಸಾಲು, ನೀವೂ ನೋಡಿರುತ್ತೀರಿ. ನಾವು ಆ ಊರಲ್ಲಿದ್ದಾಗ ಇದ್ದದ್ದು ನೆರೆಮನೆಯ ಗಂಗಮ್ಮನ ಮಿರ್ಚಿ ಅಂಗಡಿಯ ತಗಡಿನ ನೆರಳು ಮಾತ್ರ. ಗಾಳಿ ಬೀಸಿದರೆ ತಗಡು ಹಾರುತ್ತಿತ್ತು, ಹಿಂದೆ ಗಂಗಮ್ಮ ಓಡುತ್ತಿದ್ದಳು. ಗೋಡೆ ಕಟ್ಟಲು ಸರಕಾರಿ ಬ್ಯಾಂಕಿಗೆ ಅರ್ಜಿ ಕೊಟ್ಟಳು. ಜಾಗ ತೀರಿಹೋದ ಮಾವನ ಹೆಸರಲ್ಲಿದೆ, ಮೊದಲು ಅದು ಸರಿಯಾಗಲಿ ಎಂದರು. ಅಷ್ಟರಲ್ಲಿ ಖಾಸಗಿ ಬ್ಯಾಂಕಿನ ಹುಡುಗಿಯೊಬ್ಬಳು ಸ್ಕೂಟಿಯಲ್ಲಿ ಬಂದು, ಕಟ್ಟೆಯ ಮೇಲೆ ಕೂತು ಬರೆದುಕೊಂಡು, ವಾರದೊಳಗೆ ಸಾಲ ಕೊಡಿಸಿದಳು. ಬಡ್ಡಿ ಹೆಚ್ಚು. ಕಂತು ವಾರವಾರ, ಅದೂ ಶುಕ್ರವಾರ.

ಗೋಡೆಯೇನೋ ಎದ್ದಿತು. ಆದರೆ ಲಕ್ಷ್ಮಿಯ ದಿನ ಮನೆಯ ದುಡ್ಡು ಹೊರಗೆ ಹೋಗಬಾರದೆಂದು ನಮ್ಮಲ್ಲಿ ಕೈಗಡ ಉಪ್ಪನ್ನೂ ಕೊಡುವುದಿಲ್ಲ. ಬುದ್ಧಿ ಹೇಳಬೇಕಾದ ನಾನೇ ಶುಕ್ರವಾರ ಕಂತು ಕೊಡಬೇಡ ಎಂದೆ. ಮೊದಲ ಕಂತೇ ತಪ್ಪಿತು. ಹುಡುಗಿ ಗದರಲಿಲ್ಲ, ಅದೊಂದು ಪುಣ್ಯ.

"ನಾನೂ ಲಕ್ಷ್ಮೀ ಪೂಜಿ ಮಾಡ್ತೀನ್ರಿ. ಆದ್ರ ನಮ್ಮ ಕಂಪ್ಯೂಟರ್ ಮಾಡಂಗಿಲ್ಲ" ಎಂದಳು.

ದಾರಿ ತೋರಿಸಿದವಳು ಎದುರುಮನೆಯ ಮಾಬುಬಿ. ಗುರುವಾರ ಸಂಜೆಯೇ ಗಂಗಮ್ಮ ಅವಳ ಕೈಗೆ ಕೊಡುವುದು, ಮರುದಿನ ಅವಳು ಹುಡುಗಿಗೆ ಮುಟ್ಟಿಸುವುದು. "ನಿಮ್ಮ ದೇವಿ ನನ್ ಮ್ಯಾಲೆ ಸಿಟ್ಟಾಗಂಗಿಲ್ಲ ಬಿಡ್ರಿ" ಎಂದು ನಕ್ಕಿದ್ದಳು.

ಬೇಸಿಗೆಗೆ ಹಂಪಿಗೆ ಬರುವವರು ಕಡಿಮೆಯಾದರು. ಎರಡು ಕಂತು ನಿಂತವು. ಗಂಗಮ್ಮ ಅಂಗಡಿ ಮಾರುವ ಮಾತಾಡತೊಡಗಿದಳು. ಆಗ, ಕಾಗದ ಸರಿಹೋಗಿ, ವರ್ಷ ತಡವಾಗಿ ಸರಕಾರಿ ಬ್ಯಾಂಕಿನ ಸಾಲ ಬಂತು. ಕಡಿಮೆ ಬಡ್ಡಿ, ತಿಂಗಳ ಕಂತು. ಹಳೆಯದನ್ನು ತೀರಿಸಿ ಉಸಿರುಬಿಟ್ಟಳು.

"ಒಂದು ಓಡಿ ಬಂತು, ಇನ್ನೊಂದು ನಡಕೊಂತ ಬಂತಕ್ಕ. ಎರಡರಾಗ ಯಾವ್ದು ಬರಲಿಲ್ಲಂದ್ರೂ ನಾ ಇವತ್ತಿಗೂ ತಗಡಿನ ಹಿಂದ ಓಡ್ತಿದ್ದೆ."

ಮೊನ್ನೆ ಶುಕ್ರವಾರ, ದರ್ಶನ ಮುಗಿಸಿ ಬರುವಾಗ ಅಲ್ಲಿ ಇಳಿದೆ. ಪಕ್ಕದಲ್ಲೀಗ ಮಾಬುಬಿಯ ಚಹಾದಂಗಡಿ, ಅದೂ ಸಾಲದ್ದೇ. ಅವಳ ಆ ದಿನದ ಕಂತಿಗೆ ಕಡಿಮೆ ಬಿದ್ದಿತ್ತು. ಗಂಗಮ್ಮ ಗಲ್ಲಾ ಎಳೆದು, ಇದ್ದಷ್ಟು ನೋಟು ಅವಳ ಕೈಗಿಟ್ಟಳು. ಇವತ್ತು ಶುಕ್ರವಾರ ಎಂದು ನೆನಪಿಸಿದೆ.

"ಲಕ್ಷ್ಮಿ ಭಾಳ ದೂರ ಎಲ್ಲಿ ಹೋಗ್ತಾಳಕ್ಕ? ಬಾಜೂ ಅಂಗಡಿಗಿ."

ಆದರೂ ಕಂತಿಗೆ ಇನ್ನೂ ನೂರು ರೂಪಾಯಿ ಕಡಿಮೆಯಿತ್ತು. ಮನಸ್ಸಿನಲ್ಲೇ ತಾಯಿಗೆ ಕೈಮುಗಿದು, ನಾನು ಪರ್ಸು ತೆಗೆದೆ.