ಅತ್ತೆಯ ಕಾಲಿಗೆ ಎಟುಕಿದ ಕಾರು

ಮೊನ್ನೆ ನಮ್ಮ ಔಷಧದ ಅಂಗಡಿಗೆ ಬಂದ ಗಿರಾಕಿಯೊಬ್ಬರು ಡಾಕ್ಟರ ಚೀಟಿ ಹುಡುಕುತ್ತಾ ಹೊಸ ರೆಕ್ಸಿನ್ ಚೀಲದ ಜಿಪ್ಪು ಎಳೆದರು. ಚೀಟಿಗಿಂತ ಮೊದಲು ವಾಸನೆ ಹೊರಗೆ ಬಂತು. ಬಿಸಿಲಿಗೆ ಕಾದ ರೆಕ್ಸಿನ್ನಿನ ವಾಸನೆ ನಿಮಗೂ ಗೊತ್ತಿರುತ್ತದೆ, ಎಷ್ಟೋ ಜನಕ್ಕೆ ಅದು ತಲೆನೋವು. ನನಗೆ ಮುಖವೆಲ್ಲ ನಗು.

"ಚೀಟಿ ಕಳೆದುಹೋಗಿದೆ ಅಂತ ನಾನು ಒದ್ದಾಡ್ತಿದೀನಿ, ನೀವು ನಗ್ತೀರಲ್ಲ ಮೇಡಂ!" ಅಂದರು ಅವರು.

ಏನು ಹೇಳಲಿ? ಅದು ಸರೋಜತ್ತೆಯ ಅಂಬಾಸಿಡರ್ ಕಾರಿನ ವಾಸನೆ.

ಸರೋಜತ್ತೆ ನನ್ನ ಅಪ್ಪನ ತಂಗಿ. ಭದ್ರಾವತಿಯ ಕಾಗದನಗರದಲ್ಲಿ ಅವರ ಮನೆ, ಮಾವನಿಗೆ ಕಾರ್ಖಾನೆಯಲ್ಲಿ ಕೆಲಸ. ಮಾವ ಆಸೆಪಟ್ಟು ಹಳೆಯ ಅಂಬಾಸಿಡರ್ ಒಂದನ್ನು ಕೊಂಡರು. ಕೊಂಡ ವರ್ಷವೇ ಸ್ಕೂಟರಿನಿಂದ ಬಿದ್ದು ಎಡಗಾಲು ಮುರಿದುಕೊಂಡರು. ಮೂಳೆ ಕೂಡಿತು, ಆದರೆ ಮಂಡಿ ಮಡಚಲಿಲ್ಲ. ಕಾರು ಮಾರುವ ಮಾತು ಬಂದಾಗ ಅತ್ತೆ, "ಯಾಕೆ ಮಾರ್ಬೇಕು? ನಾನು ಕಲೀತೀನಿ" ಅಂದರಂತೆ. ಕಲಿತೂಬಿಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಳ್ಳಗಿನ ಅತ್ತೆ ಆ ಆನೆಯಂಥ ಕಾರನ್ನು ತಿರುಗಿಸುವುದು ನೋಡಲು ಕ್ವಾರ್ಟರ್ಸಿನ ಹೆಂಗಸರೆಲ್ಲ ಜಗಲಿಗೆ ಬರುತ್ತಿದ್ದರು. ಆಮೇಲೆ ಅವರೇ ಹೆರಿಗೆಗೆ, ಆಸ್ಪತ್ರೆಗೆ ಅಂತ ಅದೇ ಕಾರು ಹತ್ತಿದರು. ನನಗೆ ಡ್ರೈವಿಂಗ್ ಕಲಿಸಿದ್ದೂ ಅತ್ತೆಯೇ. "ಗೇರಿನ ಜೊತೆ ಜಗಳ ಆಡ್ಬೇಡ ಮಾರಾಯ್ತಿ. ಇಂಜಿನ್ ಏನು ಹೇಳ್ತಿದೆ ಅಂತ ಕೇಳು."

ಮಾವ ತೀರಿಕೊಂಡರು. ಅತ್ತೆಯ ಕಣ್ಣು ಗ್ಲಾಕೋಮಾಕ್ಕೆ ಹೋಯಿತು. ಬೆಳಕಿದೆಯೋ ಇಲ್ಲವೋ ಅಂತ ತಿಳಿಯುವಷ್ಟು ಮಾತ್ರ ಉಳಿಯಿತು. ಕಾರು ಶೆಡ್ಡಿನಲ್ಲಿ ಇಲಿಗಳ ಪಾಲಾಗಿತ್ತು. ಗುಜರಿಯವನನ್ನು ಕರೆಸಿದ್ದೇನೆ ಅಂತ ಅತ್ತೆ ಫೋನಿನಲ್ಲಿ ಹೇಳಿದ ದಿನವೇ ನಾನು ಭದ್ರಾವತಿಗೆ ಓಡಿದೆ.

"ನನಗೆ ಕೊಡಿ ಅತ್ತೆ. ಮೊದಲಿದ್ದ ಹಾಗೆ ಮಾಡಿಸ್ತೀನಿ."

"ಮೊದಲು ಅಂದ್ರೆ ಯಾವತ್ತು?" ಅಂದರು ಅತ್ತೆ. ಆ ಪ್ರಶ್ನೆಯನ್ನು ನಾನು ತಲೆಗೆ ಹಾಕಿಕೊಳ್ಳಲೇ ಇಲ್ಲ.

ಮಾತ್ರೆಯ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಅನಾಹುತ ಎಂಬ ಭಯದಲ್ಲೇ ಬದುಕಿದವಳು ನಾನು. ಆ ಚಾಳಿ ಕಾರಿಗೂ ಅಂಟಿತು. ಶಿವಮೊಗ್ಗದ ಗ್ಯಾರೇಜಿನ ಅನ್ವರ್ ಭಾಯ್, "ನೆಲದ ಗೇರ್ ಹಾಕ್ಸಿ ಮೇಡಂ, ಆರಾಮು" ಅಂದರೆ ನಾನು ಒಪ್ಪಲಿಲ್ಲ, ಸ್ಟೇರಿಂಗ್ ಪಕ್ಕದ ಕೈಗೇರೇ ಬೇಕು. ಹೆಡ್‌ಲೈಟು ತಗ್ಗಿಸುವ ಡಿಪ್ಪರ್ ಸ್ವಿಚ್ಚು ಕಾಲಲ್ಲೇ ಒತ್ತುವಂಥದ್ದು ಬೇಕು. ಸೀಟಿನ ರೆಕ್ಸಿನ್ ಕಡುಗೆಂಪು, ಹೊಲಿಗೆಯ ದಾರ ಬಿಳಿ. ಹಳೆಯ ಕಂಪನಿ ಪುಸ್ತಕವೊಂದನ್ನು ಸಂಪಾದಿಸಿ, ಅದರಲ್ಲಿಲ್ಲದ್ದನ್ನೆಲ್ಲ ಕಿತ್ತು ಎಸೆಸಿದೆ. ನಮ್ಮ ಯಜಮಾನರು, "ನನ್ನನ್ನೂ ಒಂದ್ಸಲ ಆ ಪುಸ್ತಕದಲ್ಲಿ ನೋಡಿಬಿಡು, ಇಟ್ಕೋಬೇಕೋ ಬೇಡ್ವೋ" ಅಂದರು.

ಕಾರು ಮದುವಣಗಿತ್ತಿಯ ಹಾಗೆ ಕಾಗದನಗರಕ್ಕೆ ಹೋಯಿತು. ಅತ್ತೆ ಬಾಗಿಲ ಹಿಡಿಕೆ ಸವರಿದರು, ಬಾಗಿಲು ಹಾಕಿ ಸದ್ದು ಕೇಳಿದರು, ಸೀಟು ಮೂಸಿದರು. "ಭೇಷ್" ಅಂದರು. ಡ್ರೈವರ್ ಸೀಟಿಗೆ ಹತ್ತಿ ಕೂತರು. ಕೈ ನೇರ ಗೇರಿಗೆ ಹೋಯಿತು. ಆಮೇಲೆ ಎಡಗಾಲು ಮುಂದೆ ಚಾಚಿದರು. ಇನ್ನಷ್ಟು ಚಾಚಿದರು. ಮುಖ ಇಳಿಯಿತು.

"ಇದು ನನ್ನ ಕಾರಲ್ಲ ಪುಟ್ಟಿ."

ನನ್ನ ಜಂಬವೆಲ್ಲ ಜರ್ರನೆ ಇಳಿಯಿತು. "ಯಾಕತ್ತೆ?"

"ಕ್ಲಚ್ಚಿನ ಮೇಲೆ ಒಂದು ಮರದ ತುಂಡು ಇತ್ತಲ್ಲ, ಎಲ್ಲಿ?"

ಇತ್ತು. ಪೆಡಲಿಗೆ ಬೋಲ್ಟು ಹಾಕಿ ಬಿಗಿದಿದ್ದ, ಎಣ್ಣೆ ಕುಡಿದು ಕಪ್ಪಾದ ತುಂಡು. ಕಲಿಯುವಾಗ ನಾನೂ ತುಳಿದದ್ದೇ. ಪುಸ್ತಕದಲ್ಲಿರಲಿಲ್ಲ, ಯಾವನೋ ಮೆಕ್ಯಾನಿಕ್ಕಿನ ತೇಪೆ ಅಂದುಕೊಂಡು ಎಸೆಸಿದ್ದೆ.

"ನಿಮ್ಮ ಮಾವ ಮಾಡಿದ್ದು," ಅಂದರು ಅತ್ತೆ. "ಮಡಚದ ಕಾಲು ಚಾಚ್ಕೊಂಡು ಮಂಚದ ಮೇಲೆ ಕೂತೇ ಕೆತ್ತಿದ್ರು. ನಾನು ಕಲೀತೀನಿ ಅಂದಾಗ ಬಾಯಲ್ಲಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನನ್ನ ಪಾದ ತೊಡೆ ಮೇಲಿಟ್ಕೊಂಡು ಅಳತೆ ತಗೊಂಡ್ರು. ಅಷ್ಟೇ."

ಕಂಪನಿ ಮಾಡಿದ್ದು ಯಾರಿಗೋ ಕಾರು. ಅತ್ತೆಯ ಕಾರು ಹುಟ್ಟಿದ್ದು ಆ ಮಂಚದ ಮೇಲೆ.

ಅಳುತ್ತ ಕೂರುವ ಜಾತಿ ನಮ್ಮದಲ್ಲ. ಹಿತ್ತಲಲ್ಲಿ ಹಲಸಿನ ಹಲಗೆಯೊಂದು ಸಿಕ್ಕಿತು. ಪಕ್ಕದ ಮನೆಯಿಂದ ಗರಗಸ, ಉಳಿ ತಂದೆ. ಅತ್ತೆ ಬೆರಳಲ್ಲೇ ದಪ್ಪ ತೋರಿಸಿದರು. ನಾನು ಕೆತ್ತುವುದು, ಅವರು ಕಾಲಿಟ್ಟು ನೋಡಿ "ಹಿಮ್ಮಡಿ ಕಡೆ ಇನ್ನೂ ತೆಳ್ಳಗೆ" ಅನ್ನುವುದು. ಮಧ್ಯಾಹ್ನದ ಊಟವೇ ಮರೆತುಹೋಯಿತು. ಕೊನೆಗೊಮ್ಮೆ ಅತ್ತೆ ಪಾದವಿಟ್ಟರು. ಮತ್ತೆ ತೆಗೆಯಲಿಲ್ಲ.

ನಾನು ತುಂಡನ್ನು ಪೆಡಲಿಗೆ ಬೋಲ್ಟು ಹಾಕಿ ಬಿಗಿದದ್ದೇ, "ಮೈದಾನಕ್ಕೆ ನಡಿ," ಅಂದರು.

ನಿಮಗೆ ದಿಗಿಲಾದೀತು, ನನಗೂ ಆಯಿತು. ಆದರೆ ಮೈದಾನ ಖಾಲಿ, ಬಟಾಬಯಲು. ನಾನು ಅಂಟಿಕೊಂಡೇ ಕೂತು ಒಂದು ಕೈ ಸ್ಟೇರಿಂಗಿನ ಹತ್ತಿರ, ಒಂದು ಕೈ ಕೀಲಿಯ ಮೇಲೆ ಇಟ್ಟೆ. ಅತ್ತೆ ಕ್ಲಚ್ಚು ತುಳಿದರು, ಗೇರು ಹಾಕಿದರು, ಬಿಟ್ಟರು. ಒಂದು ಜರ್ಕಿಲ್ಲ! ಆ ದೊಡ್ಡ ಕಾರು ನೀರ ಮೇಲಿನ ತೆಪ್ಪದಂತೆ ಹೊರಟಿತು. "ಸ್ವಲ್ಪ ಬಲಕ್ಕೆ ಅತ್ತೆ," ಅಂದೆ. "ಗೊತ್ತಾಗತ್ತೆ, ಬಿಸಿಲು ಕೆನ್ನೆಗೆ ಬಂತು," ಅಂದರು. ಒಂದು ದೊಡ್ಡ ಸುತ್ತು ಮುಗಿಸಿ, ಇಂಜಿನ್ ಆರಿಸಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡರು.

ಈಗ ಕಾರು ಓಡಿಸುವವಳು ನಾನು. ನನಗೆ ಅಪ್ಪನ ಎತ್ತರ ಬಂದಿದೆ. ಆ ತುಂಡಿನಿಂದಾಗಿ ಪ್ರತಿ ಗೇರಿಗೂ ಮಂಡಿ ಸ್ಟೇರಿಂಗಿಗೆ ಬಡಿಯುತ್ತದೆ. ಹೋದ ಭಾನುವಾರ ಅತ್ತೆಯನ್ನು ವಿಮಾನದ ಸದ್ದು ಕೇಳಿಸಲು ಸೋಗಾನೆಯ ವಿಮಾನ ನಿಲ್ದಾಣದ ಹತ್ತಿರಕ್ಕೆ ಕರೆದುಕೊಂಡು ಹೊರಟಿದ್ದೆ. ಪೆಟ್ರೋಲ್ ಬಂಕಿನಲ್ಲಿ ಹಳೇ ಕಾರಿನ ಹುಚ್ಚಿರುವ ಒಬ್ಬರು ಒಳಗೆ ಬಗ್ಗಿ ನೋಡಿದರು. "ಎಲ್ಲಾ ಪರ್ಫೆಕ್ಟ್ ಇದೆ ಮೇಡಂ. ಕ್ಲಚ್ ಮೇಲಿರೋದು ಮಾತ್ರ ಒರಿಜಿನಲ್ ಅಲ್ಲ, ತೆಗೆಸಿಬಿಡಿ."

"ಅದೊಂದೇ ಸಾರ್ ಒರಿಜಿನಲ್ಲು," ಅಂದೆ. "ಉಳಿದದ್ದೆಲ್ಲ ಅಂಗಡೀಲಿ ಸಿಗುತ್ತೆ."

ಅತ್ತೆ ಪಕ್ಕದ ಸೀಟಿನಿಂದ, "ಮಾತು ಸಾಕು ಪುಟ್ಟಿ, ವಿಮಾನ ಇಳಿದುಬಿಡತ್ತೆ," ಅಂದರು. ಮೊದಲನೇ ಗೇರು ಹಾಕಿದೆ. ಮಂಡಿ ಬಡಿಯಿತು, ಹೊರಟೆವು.