ಕಮಲಾ ಆಂಟಿ ವಕೀಲರನ್ನು ಆರಿಸಿದ್ದು

ಮೊನ್ನೆ ಶನಿವಾರ ನಮ್ಮ ಬೀದಿಯ ತುದಿಯಲ್ಲಿ ಮಾರಾಟಕ್ಕಿದ್ದ ಮನೆಯೊಂದನ್ನು ಬಂದವರೆಲ್ಲ ನೋಡಲೆಂದು ಬಾಗಿಲು ತೆರೆದಿಟ್ಟಿದ್ದರು. ಕೊಳ್ಳುವ ಯೋಚನೆಯೇ ಇಲ್ಲದ ನಾನೂ ಒಳಗೆ ಹೋದೆ. ಬೇರೆಯವರ ಅಡುಗೆಮನೆ ನೋಡುವ ಚಪಲ ನನಗೆ ಮೊದಲಿನಿಂದಲೂ ಇದೆ. ನಿಮಗಿಲ್ಲವೆಂದರೆ ನಾನು ನಂಬುವುದಿಲ್ಲ. ಒಳಗೆ ಕಾಲಿಟ್ಟೊಡನೆ ಚಕ್ಕೆ ಕುದಿಯುವ ವಾಸನೆ ಮೂಗಿಗೆ ಬಡಿಯಿತು. ಮನೆಗೆ ಬಂದವರ ಮನಸ್ಸು ಬೆಚ್ಚಗಾಗಲೆಂದು ಇಲ್ಲಿ ಅಮೆರಿಕಾದಲ್ಲಿ ಮನೆ ಮಾರಿಸಿಕೊಡುವ ರಿಯಲ್ಟರ್‌ಗಳು ಮಾಡಿಸುವ ಉಪಾಯ ಅದು. ನನಗೆ ಮಾತ್ರ ಆ ವಾಸನೆ ಬಂದರೆ ಡಾಲಸ್ ಪಕ್ಕದ ರಿಚರ್ಡ್‌ಸನ್ ಊರಿನ ಕಮಲಾ ಆಂಟಿ ನೆನಪಾಗುತ್ತಾರೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಾನು ಮೈಸೂರಿನಿಂದ ಬಂದು ರಿಚರ್ಡ್‌ಸನ್ನಿನ ಟೆಲಿಕಾಂ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿ ಐದಾರು ವರ್ಷವಾಗಿತ್ತು. ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಬೀದಿಯಲ್ಲಿ ಆಂಟಿಯ ಮನೆ. ಧಾರವಾಡದ ಕಡೆಯವರು. ಗಂಡ ಡಾಕ್ಟರ್ ಆಗಿದ್ದವರು, ನಾನು ಬಂದ ಹೊಸತರಲ್ಲಿ ಇದ್ದರು, ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವರಿಗೆ ಮಕ್ಕಳಿಲ್ಲವೆಂದು ನಾವೆಲ್ಲ ತಿಳಿದಿದ್ದೆವು. ಆಂಟಿಯ ತಂಗಿ ಆಸ್ಟಿನ್‌ನಲ್ಲಿದ್ದಳು. ಅವಳ ಹತ್ತಿರ ಒಂದು ಸಣ್ಣ ಮನೆ ಕೊಂಡು ಹಾಯಾಗಿ ಇರಬೇಕೆಂದು ಆಂಟಿ ಈ ದೊಡ್ಡ ಮನೆಯನ್ನು ಮಾರಲು ಹೊರಟಿದ್ದರು. ಅವರಿಗೆ ಅದರಲ್ಲಿ ದುಃಖವೇನೂ ಇರಲಿಲ್ಲ. "ಹನ್ನೆರಡು ಕಿಟಕಿ ಒರಸೋ ವಯಸ್ಸು ಹೋತು ತಂಗಿ," ಎಂದು ನನಗೆ ಹೇಳುತ್ತಿದ್ದರು. ನನ್ನನ್ನೂ ಅವರು ತಂಗಿ ಎಂದೇ ಕರೆಯುತ್ತಿದ್ದರು.

ಒಗ್ಗರಣೆ ಹಾಕಬೇಡಿ, ಚಕ್ಕೆ ಕುದಿಸಿ ಎಂದು ಅವರ ರಿಯಲ್ಟರ್ ಹೇಳಿದ್ದಳು. ಆಂಟಿ ಚಕ್ಕೆ ಕುದಿಸಿದರು. ಅದರ ಪಕ್ಕದ ಒಲೆಯ ಮೇಲೆ ಬೆಳ್ಳುಳ್ಳಿ ಒಗ್ಗರಣೆಯನ್ನೂ ಹಾಕಿದರು. ಆದರೂ ಒಂದು ಯುವ ಜೋಡಿಗೆ ಮನೆ ಹಿಡಿಸಿತು. ಎಲ್ಲ ಸಲೀಸಾಗಿ ಮುಗಿಯಿತೆಂದುಕೊಳ್ಳುವಾಗ ಮನೆಯ ಹಕ್ಕುಪತ್ರ ಪರಿಶೀಲಿಸುವ ಟೈಟಲ್ ಕಂಪನಿಯವರು ತಡೆದರು. ಮನೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿತ್ತು. ಡಾಕ್ಟರ್ ಅಂಕಲ್ ಉಯಿಲು ಬರೆದಿರಲಿಲ್ಲ. ಅವರ ಪಾಲು ಈಗ ಯಾರದೆಂದು ಇತ್ಯರ್ಥವಾಗದೆ ಮಾರುವ ಹಾಗಿಲ್ಲ, ಒಬ್ಬ ವಕೀಲರನ್ನು ನೋಡಿ ಎಂದರು.

ಟೆಕ್ಸಸ್‌ನಲ್ಲಿ ಮನೆ ಮಾರುವವರು ಸಾಮಾನ್ಯವಾಗಿ ವಕೀಲರ ಬಾಗಿಲು ತುಳಿಯುವುದಿಲ್ಲ. ಹಾಗಾಗಿ ಯಾರನ್ನು ಕೇಳಿದರೂ ಗೊತ್ತಿಲ್ಲವೆನ್ನುವವರೇ. ಆಗ ಮುಂದೆ ಬಂದವಳು ನಾನು. ಟೀವಿಯಲ್ಲಿ ಕೋರ್ಟಿನ ಧಾರಾವಾಹಿಗಳನ್ನು ಬಿಡದೆ ನೋಡುತ್ತಿದ್ದುದೇ ನನ್ನ ಅರ್ಹತೆ. ಆಂಟಿ ಫ್ರೀವೇಯಲ್ಲಿ ಡ್ರೈವ್ ಮಾಡುತ್ತಿರಲಿಲ್ಲ. ನಾನು ಮಾಡುತ್ತಿದ್ದೆ, ಪಕ್ಕದಲ್ಲಿ ದೊಡ್ಡ ಟ್ರಕ್ಕು ಬಂದಾಗಲೆಲ್ಲ ಉಸಿರು ಬಿಗಿಹಿಡಿದು.

ಮೊದಲು ನಾನು ಆರಿಸಿದ್ದು ಡಾಲಸ್ ಡೌನ್‌ಟೌನಿನ ಗಾಜಿನ ಕಟ್ಟಡದ ವಕೀಲನನ್ನು. ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ಆಂಟಿ ಸೀರೆಯ ನೆರಿಗೆ ಎತ್ತಿ ಹಿಡಿದು ನಡೆದರು. ಆತ ಗಂಟೆಗಿಷ್ಟು ಎಂದು ಶುಲ್ಕ ಹೇಳಿದ. ಒಟ್ಟು ಎಷ್ಟಾಗಬಹುದು ಎಂದರೆ, ಅದನ್ನು ಈಗಲೇ ಹೇಳಲಾಗದು ಎಂದು ನಕ್ಕ. ಲಿಫ್ಟಿನಲ್ಲಿ ಇಳಿಯುವಾಗ ಆಂಟಿ ಅಂದರು: "ಅವಗ ನನ್ನ ಹೆಸರು ಕೇಳೋದ ನೆನಪಾಗಲಿಲ್ಲ ನೋಡು."

ಎರಡನೆಯವನು ಹ್ಯೂಸ್ಟನ್‌ನಲ್ಲಿದ್ದ ಪರಿಚಯದವರ ಮಗ. ಫೋನಿನಲ್ಲಿ ಬಹಳ ವಿನಯದಿಂದ ಮಾತಾಡಿ, "ಆಂಟಿ, ನಿಮ್ಮ ಹತ್ರ ಫೀಸ್ ತಗೋತೀನಾ," ಎಂದ. ನಾನು ಕುಣಿದಾಡುವಷ್ಟು ಖುಷಿಪಟ್ಟೆ. ಆಂಟಿ ಒಪ್ಪಲಿಲ್ಲ.

"ಪುಕ್ಕಟೆ ಮಾಡಿಕೊಡೋರಿಗೆ ಯಾವಾಗ ಮಾಡ್ತೀಯಪಾ ಅಂತ ಕೇಳಲಿಕ್ಕೆ ಬರಂಗಿಲ್ಲ. ತಪ್ಪಾದ್ರ ಬೈಲಿಕ್ಕೂ ಬರಂಗಿಲ್ಲ. ರೊಕ್ಕಾ ಕೊಡೋಣ, ಕೆಲಸಾ ಕೇಳೋಣ."

ಮೂರನೆಯವರು ರಿಚರ್ಡ್‌ಸನ್ನಿನಲ್ಲೇ ಸಿಕ್ಕರು. ಡ್ರೈ ಕ್ಲೀನಿಂಗ್ ಅಂಗಡಿಯ ಪಕ್ಕದ ಎರಡು ಕೋಣೆಯ ಆಫೀಸು. ಅರವತ್ತು ದಾಟಿದ ಹೆಂಗಸು. ಎಲ್ಲರೂ ಅವರನ್ನು ಮಿಸ್ ಡೊನ್ನಾ ಎನ್ನುತ್ತಿದ್ದರು. ಆಂಟಿ ಕೇಳುವ ಮೊದಲೇ ಕೆಲಸವೇನು, ಅದಕ್ಕೆ ಒಟ್ಟು ಎಷ್ಟು ಎಂದು ಹೇಳಿಬಿಟ್ಟರು. ನಾನು ಮೆಲ್ಲಗೆ ಸ್ವಲ್ಪ ಕಡಿಮೆ ಮಾಡಬಹುದೇ ಎಂದು ಬಾಯಿ ತೆರೆದೆ. ಮೇಜಿನ ಕೆಳಗೆ ಆಂಟಿ ನನ್ನ ತೊಡೆ ಚಿವುಟಿದರು.

ಮಿಸ್ ಡೊನ್ನಾ ವಿವರಿಸಿದ್ದು ಇಷ್ಟು: ಆಂಟಿಯ ಕುಟುಂಬವನ್ನು ಚೆನ್ನಾಗಿ ಬಲ್ಲ, ಆದರೆ ಮನೆಯಿಂದ ಏನೂ ಲಾಭವಿಲ್ಲದ ಇಬ್ಬರು, ಡಾಕ್ಟರ್ ಅಂಕಲ್‌ಗೆ ವಾರಸುದಾರರು ಯಾರೆಂದು ಪ್ರಮಾಣ ಮಾಡಿ ಸಹಿ ಹಾಕಬೇಕು. ಹಳೆಯ ಪರಿಚಯದ ಹಿರಿಯರೊಬ್ಬರನ್ನು ಒಪ್ಪಿಸುವುದಾಗಿ ಆಂಟಿ ಹೇಳಿದರು. ಇನ್ನೊಬ್ಬಳು ನಾನು. ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ.

"ಅವರಿಗೆ ಮಕ್ಕಳು?" ಎಂದು ಮಿಸ್ ಡೊನ್ನಾ ಕೇಳಿದರು. "ಈ ಮದುವೆಯಿಂದ ಅಥವಾ ಬೇರೆ ಯಾವುದರಿಂದಾದರೂ, ಈ ದೇಶದಲ್ಲಿ ಅಥವಾ ಬೇರೆಲ್ಲಾದರೂ?"

"ಇಲ್ಲ," ಎಂದೆ ನಾನು, ಎಲ್ಲ ಬಲ್ಲವಳ ಹಾಗೆ.

"ತಡಿ ತಂಗಿ," ಎಂದರು ಆಂಟಿ. ಆಮೇಲೆ ಮಿಸ್ ಡೊನ್ನಾ ಕಡೆ ತಿರುಗಿ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು: "ಒಬ್ಬ ಮಗಳಿದ್ದಾಳೆ. ನನ್ನ ಮಗಳಲ್ಲ. ಅವರ ಮಗಳು."

ಅಂಕಲ್‌ಗೆ ಮೊದಲೊಂದು ಮದುವೆಯಾಗಿತ್ತು. ಆ ಹೆಂಡತಿ ಬಾಣಂತನದಲ್ಲೇ ತೀರಿಕೊಂಡಿದ್ದರು. ಮಗು ಸುಮಂಗಲಾಳನ್ನು ತಾಯಿಯ ತವರಿನವರು ಗದಗದಲ್ಲಿ ಸಾಕಿದರು. ಆಂಟಿಯನ್ನು ಮದುವೆಯಾಗಿ ಅಂಕಲ್ ಅಮೆರಿಕಾಕ್ಕೆ ಬಂದಾಗ ಮಗುವನ್ನು ಕಳಿಸಲು ಅಜ್ಜಿ ಒಪ್ಪಲಿಲ್ಲ. ಕಾಗದಗಳು ಕಡಿಮೆಯಾದವು, ನಿಂತೂಹೋದವು. ಈಗ ಅವಳು ಗದಗದಲ್ಲೇ ಶಾಲೆಯ ಟೀಚರು ಎಂದು ಧಾರವಾಡದ ನೆಂಟರು ತಿಳಿಸಿದ್ದರು.

ಮಿಸ್ ಡೊನ್ನಾ ಕನ್ನಡಕ ತೆಗೆದರು. ಹಾಗಿದ್ದರೆ ಈ ರಾಜ್ಯದ ಕಾನೂನಿನ ಪ್ರಕಾರ ನಿಮ್ಮ ಗಂಡನ ಅರ್ಧ ಭಾಗ ನಿಮಗಲ್ಲ, ಆ ಮಗಳಿಗೆ ಹೋಗುತ್ತದೆ. ಮನೆ ಮಾರಲು ಅವಳ ಸಹಿಯೂ ಬೇಕು ಎಂದರು. ಕನ್ನಡಕ ಮತ್ತೆ ಏರಿಸಿಕೊಂಡು, ಇನ್ನೊಂದು ಮಾತು, ನನ್ನ ಕೆಲಸ ಈಗ ಹೆಚ್ಚಾಯಿತು, ಫೀಸೂ ಹೆಚ್ಚಾಗುತ್ತದೆ ಎಂದರು.

ವಾಪಸು ಬರುವಾಗ ಕಾರಿನಲ್ಲಿ ನನಗೆ ತಡೆಯಲಾಗಲಿಲ್ಲ. "ಆಂಟಿ, ನೀವು ಹೇಳ್ದೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ, ಅಲ್ವಾ?"

"ಗೊತ್ತಾಗ್ತಿದ್ದಿಲ್ಲ," ಎಂದರು. "ಆದ್ರ ನಿನ್ನ ಕೈಲೆ ಸುಳ್ಳು ಪ್ರಮಾಣ ಮಾಡಿಸಿ, ನಾ ಆಸ್ಟಿನ್‌ನಾಗ ಆರಾಮ ನಿದ್ದಿ ಮಾಡ್ಲೇನು? ಇಷ್ಟು ವರ್ಷ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಇವತ್ತ ಒಬ್ಬರು ಎದುರಿಗೆ ಕೂತು ಕೇಳಿದ್ರು." ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವರಿಗೆ ನಗು ಬಂತು. "ಖರೆ ಹೇಳಿದ್ದಕ್ಕ ಮ್ಯಾಲೆ ಫೀಸ್ ಬ್ಯಾರೆ ಕೊಡಬೇಕಾತು ನೋಡು."

ನಗು ಬಂದರೂ ಅವರ ಕಷ್ಟ ಸಣ್ಣದಾಗಿರಲಿಲ್ಲ. ಅರ್ಧ ಹಣದಲ್ಲಿ ಆಸ್ಟಿನ್‌ನಲ್ಲಿ ಅವರು ನೋಡಿಟ್ಟ ಮನೆ ಬರುತ್ತಿರಲಿಲ್ಲ. ಮನೆ ಕೊಳ್ಳುವವರು ಎಷ್ಟು ದಿನ ಕಾಯುತ್ತಾರೋ ತಿಳಿಯದು. ಎಲ್ಲಕ್ಕಿಂತ ಹೆಚ್ಚಾಗಿ, ಗದಗಕ್ಕೆ ಫೋನ್ ಮಾಡಬೇಕಿತ್ತು. ಎರಡು ದಿನ ಆಂಟಿ ಫೋನಿನ ಸುತ್ತ ಓಡಾಡಿದರು. ಮೂರನೆಯ ದಿನ ನನ್ನನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡು, ಸ್ಪೀಕರ್ ಹಾಕಿ, ನೆಂಟರಿಂದ ಪಡೆದ ನಂಬರು ಒತ್ತಿದರು.

ಸುಮಂಗಲಾ ಪೂರ್ತಿ ಕೇಳಿಸಿಕೊಂಡು, "ನನಗೇನೂ ಬ್ಯಾಡ್ರಿ. ಎಲ್ಲಿ ಸಹಿ ಮಾಡಬೇಕು ಹೇಳ್ರಿ, ಮಾಡ್ತೀನಿ," ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಸಲಿಗೆಯೂ ಇರಲಿಲ್ಲ.

ಅಲ್ಲಿಗೆ ಕೆಲಸ ಮುಗಿಯಬಹುದಿತ್ತು. ಅವಳು ಪಾಲು ಬಿಟ್ಟುಕೊಟ್ಟರೆ ಕಾನೂನೂ ಒಪ್ಪುತ್ತಿತ್ತು. ನಾನು ಆಂಟಿಯ ಮುಖ ನೋಡಿದೆ.

"ಬ್ಯಾಡ ಅನ್ನಬ್ಯಾಡವಾ," ಎಂದರು ಆಂಟಿ. "ನಿಮ್ಮಪ್ಪ ನಿನಗ ಕೊಡಬೇಕಾಗಿದ್ದು ಕೊಡಲಿಲ್ಲ. ನಾ ನೆನಪು ಮಾಡಬೇಕಾಗಿತ್ತು, ಮಾಡಲಿಲ್ಲ. ಈಗ ಸರ್ಕಾರನ ನೆನಪು ಮಾಡೇದ. ತೊಗೋ."

 ಫೋನ್ ಕಾರ್ಡು ಮುಗಿದೀತೆಂದು ನಾನು ಇನ್ನೊಂದನ್ನು ಹುಡುಕತೊಡಗಿದೆ. ಕೊನೆಗೆ ಸುಮಂಗಲಾ, "ಆತ್ರಿ," ಎಂದಳು.

ಸುಮಂಗಲಾ ಶಾಲೆಗೆ ರಜೆ ಹಾಕಿ ಚೆನ್ನೈಗೆ ಹೋಗಿ ಅಮೆರಿಕನ್ ಕಾನ್ಸುಲೇಟಿನಲ್ಲಿ ಸಹಿ ಮಾಡಿ ಕಳಿಸಿದಳು. ಕೊಳ್ಳುವ ದಂಪತಿ ಗೊಣಗಿದರೂ ಕಾದರು. ಕ್ಲೋಸಿಂಗ್ ಆಗಿ ಮನೆ ಕೈಬದಲಾದ ದಿನ ಆಂಟಿ ಮಿಸ್ ಡೊನ್ನಾಗೆ ಚೆಕ್ಕಿನ ಜೊತೆ ಒಂದು ಡಬ್ಬಿ ಶೇಂಗಾ ಹೋಳಿಗೆ ಕೊಟ್ಟರು. "ಇದು ಫೀಸಿನಲ್ಲಿ ಸೇರಿಲ್ಲ," ಎಂದು ಇಂಗ್ಲಿಷಿನಲ್ಲಿ ಸ್ಪಷ್ಟಪಡಿಸಿದರು. ಆಸ್ಟಿನ್‌ನಲ್ಲಿ ಮನೆಯ ಬದಲು ಎರಡು ಕೋಣೆಯ ಕಾಂಡೋ ಎಂಬ ಫ್ಲ್ಯಾಟು ಕೊಂಡರು. ಒರೆಸಲು ನಾಲ್ಕೇ ಕಿಟಕಿ ಎಂದು ಅದನ್ನೇ ದೊಡ್ಡ ಲಾಭವೆಂದು ಹೇಳಿಕೊಂಡು ತಿರುಗಿದರು.

ಇದೆಲ್ಲ ಆಗಿ ಹತ್ತು ವರ್ಷದ ಹತ್ತಿರವಾಯಿತು. ನಾನು ಮದುವೆಯಾಗಿ ಡಾಲಸ್‌ನದೇ ಇನ್ನೊಂದು ಉಪನಗರ ಕಾಪೆಲ್‌ಗೆ ಶಿಫ್ಟ್ ಆದೆ. ಮಗಳ ಶಾಲೆ, ಆಫೀಸು ಎಂದು ಆಂಟಿಗೆ ಫೋನ್ ಮಾಡುವುದೂ ಕಡಿಮೆಯಾಗಿತ್ತು. ಮೊನ್ನೆ ಆ ಮಾರಾಟದ ಮನೆಯಿಂದ ಹೊರಬಂದವಳೇ ಫೋನ್ ಮಾಡಿದೆ. "ಸುಮಂಗಲಾ ಸಾಲಿ ಸೂಟಿಗೆ ಬಂದಾಳ. ಊಟಕ್ಕ ಬಾ," ಎಂದರು. ಮರುದಿನವೇ ಆಸ್ಟಿನ್‌ಗೆ ಹೊರಟೆ. ಈಗಲೂ ಟ್ರಕ್ಕು ಕಂಡರೆ ಉಸಿರು ಬಿಗಿಹಿಡಿಯುತ್ತೇನೆ.

ಸುಮಂಗಲಾಳನ್ನು ನಾನು ನೋಡಿದ್ದು ಅದೇ ಮೊದಲು. ಎತ್ತರದ ಹೆಂಗಸು, ಹಣೆ ಥೇಟ್ ಡಾಕ್ಟರ್ ಅಂಕಲ್‌ದು. ಅಡುಗೆಮನೆಯಲ್ಲಿ ಇಬ್ಬರೂ ಪಲ್ಯಕ್ಕೆ ಖಾರ ಎಷ್ಟು ಹಾಕಬೇಕೆಂದು ಜಗಳವಾಡುತ್ತಿದ್ದರು. ಅವಳು ಇಲ್ಲಿಗೆ ಬಂದದ್ದು ಇದು ಮೂರನೆಯ ಸಲವಂತೆ. ಊಟದ ನಡುವೆ ಆಂಟಿ ಮೊಸರು ತರಲು ಎದ್ದು ಹೋದಾಗ ಅವಳು ತಗ್ಗಿದ ದನಿಯಲ್ಲಿ ಹೇಳಿದಳು:

"ಆ ರೊಕ್ಕದಾಗ ಮನಿ ಕಟ್ಟಿಸೇನ್ರಿ ಅಕ್ಕಾರ. ಆದ್ರ ನಾ ಬರೋದು ರೊಕ್ಕದ ಸಲುವಾಗಿ ಅಲ್ಲ. ಅಪ್ಪಗ ಒಬ್ಬಾಕಿ ಮಗಳದಾಳ ಅಂತ ಈ ದೇಶದಾಗ ಮೊದಲ ಸಲ ಬಾಯಿಬಿಟ್ಟು ಹೇಳಿದವರು ಇವರ."

 ಅಷ್ಟರಲ್ಲಿ ಆಂಟಿ ಮೊಸರಿನ ಪಾತ್ರೆಯೊಂದಿಗೆ ಬಂದು ಇಬ್ಬರ ಮುಖ ನೋಡಿ, "ಏನು ನಡದದ?" ಎಂದರು. "ಏನಿಲ್ಲ ಆಂಟಿ," ಎಂದು ತಟ್ಟೆ ಮುಂದೆ ಚಾಚಿ, ಹೊಟ್ಟೆ ತುಂಬಿದ್ದರೂ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.